ನೋಡಬೇಡ ಎಂದರಷ್ಟೇ ಸಾಕೇ?



"ಫಾದರ್, ನಮ್ಮ ಹುಡುಗನಿಗೆ ನೀವೇ ಸ್ವಲ್ಪ ಬುದ್ಧಿ ಹೇಳಬೇಕು. ಮೊಬೈಲಿನಲ್ಲಿ ಏನೇನೋ ನೋಡುತ್ತಾನೆ." ಭಾನುವಾರದ ಬಲಿಪೂಜೆ ಮುಗಿದ ಮೇಲೆ ದನಿ ತಗ್ಗಿಸಿ ಹೀಗೆ ಹೇಳುವ ತಾಯಂದಿರು ಇಲ್ಲದ ಧರ್ಮಕೇಂದ್ರ ಇಂದು ಇರಲಾರದು. ಆ 'ಏನೇನೋ' ಎಂದರೆ ಏನೆಂದು ಅವರು ಬಿಡಿಸಿ ಹೇಳುವುದಿಲ್ಲ, ಗುರುಗಳೂ ಕೇಳುವುದಿಲ್ಲ, ಇಬ್ಬರಿಗೂ ಅರ್ಥವಾಗಿರುತ್ತದೆ. ತಂದೆಯಾದವರು ಈ ವಿಷಯ ಹಿಡಿದು ಬರುವುದು ಅಪರೂಪ. ಹೆಣ್ಣುಮಕ್ಕಳ ಬಗ್ಗೆಯಂತೂ ಯಾರೂ ಕೇಳುವುದಿಲ್ಲ, ಅವರ ಕೈಯಲ್ಲೂ ಅದೇ ಮೊಬೈಲ್ ಇದೆಯೆಂಬುದನ್ನು ಮರೆತವರಂತೆ. ಅಶ್ಲೀಲ ಚಿತ್ರಗಳ ಮಾತು ಕುಟುಂಬದ ಪುಟದಲ್ಲಿ ಬೇಕೇ ಎಂದು ಕೆಲವು ಹಿರಿಯರು ಹುಬ್ಬು ಗಂಟಿಕ್ಕಬಹುದು. ಅದು ನಡುಮನೆಗೇ ಬಂದು ಕುಳಿತಿರುವಾಗ ಇನ್ನಾವ ಪುಟದಲ್ಲಿ ಬರೆಯೋಣ? (ಪಾಪನಿವೇದನೆಯಲ್ಲಿ ಕೇಳಿದ್ದು ಗುರುವಿನ ಜೊತೆಯಲ್ಲೇ ಸಮಾಧಿ ಸೇರಬೇಕಾದದ್ದು, ಈ ಲೇಖನಕ್ಕೆ ಅದು ಆಧಾರವಲ್ಲ. ಹೊರಗೆ ಎಲ್ಲರ ಕಣ್ಣಿಗೆ ಬೀಳುವುದೇ ಬೇಕಾದಷ್ಟಿದೆ.)

ಈ ವಿಷಯದಲ್ಲಿ ನಮ್ಮ ಮನೆಗಳು ಕೊಡುವ ಶಿಕ್ಷಣವೆಲ್ಲ ಎರಡು ಮಾತಿನಲ್ಲಿ ಮುಗಿದುಹೋಗುತ್ತದೆ: ನೋಡಬೇಡ, ಪಾಪ. ಎರಡೂ ನಿಜವೇ. ಅವನ್ನು ಸಡಿಲಗೊಳಿಸುವ ಉದ್ದೇಶ ನನಗಿಲ್ಲ. ಆದರೆ ಅಷ್ಟು ಹೇಳಿ ನಾವು ಕೈತೊಳೆದುಕೊಂಡ ಮೇಲೆ ಮಗುವಿನ ಬಳಿ ಉಳಿಯುವುದೇನು? ಹಿಂದೆ ಕೆಟ್ಟ ಪುಸ್ತಕ ಬೇಕೆಂದರೆ ಹುಡುಗ ಪೇಟೆಗೆ ಹೋಗಬೇಕಿತ್ತು, ಬಸ್ ನಿಲ್ದಾಣದ ಅಂಗಡಿಯವನ ಮುಖ ನೋಡಿ ಕೇಳಬೇಕಿತ್ತು, ದುಡ್ಡು ತೆರಬೇಕಿತ್ತು. ನಾಚಿಕೆಯೇ ಒಂದು ಬೇಲಿಯಾಗಿತ್ತು. 2020ರಲ್ಲಿ ಕೊರೊನಾ ಬಂದು ಶಾಲೆಗಳು ಮುಚ್ಚಿದಾಗ ಎಷ್ಟೋ ಮನೆಗಳಲ್ಲಿ ಸಾಲ ಮಾಡಿ ಪಾಠಕ್ಕೆಂದು ಮೊಬೈಲ್ ತಂದುಕೊಟ್ಟರು. ಶಾಲೆ ತೆರೆಯಿತು, ಮೊಬೈಲ್ ಮಕ್ಕಳ ಕೈಯಲ್ಲೇ ಉಳಿಯಿತು. ಸರ್ಕಾರ ಸುಮ್ಮನಿತ್ತೆಂದಲ್ಲ. ಉತ್ತರಾಖಂಡ ಹೈಕೋರ್ಟಿನ ಆದೇಶದ ಮೇರೆಗೆ 2018ರಲ್ಲಿ 827 ಅಶ್ಲೀಲ ಜಾಲತಾಣಗಳನ್ನು ದೇಶದಲ್ಲಿ ತಡೆಹಿಡಿಯಲಾಯಿತು. ಅವುಗಳಲ್ಲಿ ದೊಡ್ಡದೊಂದು ಕೆಲವೇ ದಿನಗಳಲ್ಲಿ ವಿಳಾಸದ ಬಾಲ ಬದಲಿಸಿಕೊಂಡು ಮತ್ತೆ ಬಾಗಿಲು ತೆರೆಯಿತು. ಈಗ ಬಾಗಿಲು ಹುಡುಕಿಕೊಂಡು ಹೋಗುವ ಅಗತ್ಯವೂ ಇಲ್ಲ. ಸಹಪಾಠಿಗಳ ವಾಟ್ಸ್‌ಆಪ್ ಗುಂಪಿಗೆ ಅದು ತಾನಾಗಿಯೇ ಬಂದು ಬೀಳುತ್ತದೆ. ಹುಡುಕಿದ ಮಗುವೂ ನೋಡುತ್ತದೆ, ಹುಡುಕದ ಮಗುವೂ ನೋಡುತ್ತದೆ.

ಆದ್ದರಿಂದ ನಾವು ಕೇಳಿಕೊಳ್ಳಬೇಕಾದ ನೈತಿಕ ಪ್ರಶ್ನೆ ಇದು. ಮಕ್ಕಳ ಪರಿಶುದ್ಧತೆಯನ್ನು ಕಾಯುವುದೆಂದರೆ ಅವರನ್ನು ಏನೂ ಅರಿಯದವರನ್ನಾಗಿ ಇಡುವುದೇ? ಮುಗ್ಧತೆಯೂ ಅಜ್ಞಾನವೂ ಒಂದೇ ಏನು? ಮಾತೆ ಮರಿಯಮ್ಮನವರನ್ನು ನೆನೆಯಿರಿ. ಗಬ್ರಿಯೇಲ ದೂತನು ಶುಭವಾರ್ತೆ ತಂದಾಗ ಅವರು ಕಣ್ಣುಮುಚ್ಚಿ ತಲೆಯಾಡಿಸಲಿಲ್ಲ. ಪುರುಷನ ಸಂಬಂಧವಿಲ್ಲದಿರುವಾಗ ಅದು ಆಗುವ ಬಗೆ ಹೇಗೆಂದು ವಿಚಾರಿಸಿದರು. ಮಕ್ಕಳು ಹೇಗೆ ಹುಟ್ಟುತ್ತಾರೆಂದು ತಿಳಿಯದ ಹುಡುಗಿಗೆ ಆ ಪ್ರಶ್ನೆ ಹೊಳೆಯುವುದೇ ಸಾಧ್ಯವಿಲ್ಲ. ನಾವು ನಿಷ್ಕಳಂಕ ಮಾತೆಯೆಂದು ಕರೆಯುವವರು ಅರಿವುಳ್ಳವರಾಗಿದ್ದರು, ಪ್ರಶ್ನೆ ಕೇಳಬಲ್ಲವರಾಗಿದ್ದರು. ಜಗದ್ಗುರು ಫ್ರಾನ್ಸಿಸರು 2016ರಲ್ಲಿ ಕುಟುಂಬವನ್ನು ಕುರಿತು ಹೊರಡಿಸಿದ 'ಅಮೋರಿಸ್ ಲೆತಿತ್ಸಿಯ' ಎಂಬ ಪ್ರಬೋಧನಾ ಪತ್ರದಲ್ಲಿ ಇದೇ ವಿಷಯವನ್ನು ಎತ್ತಿದ್ದಾರೆ. ಬರೀ ಮಾಹಿತಿಯನ್ನು ಮಕ್ಕಳ ಮೇಲೆ ಸುರಿದರೆ ಪ್ರಯೋಜನವಿಲ್ಲ, ತಮ್ಮತ್ತ ಹರಿದುಬರುವ ಅಶ್ಲೀಲತೆಯ ಪ್ರವಾಹವನ್ನು ವಿಮರ್ಶಿಸಿ ನೋಡುವ ಶಕ್ತಿಯನ್ನೂ ಅವರಲ್ಲಿ ಬೆಳೆಸಬೇಕು ಎಂಬುದು ಅವರ ಅಭಿಪ್ರಾಯ.

ವಿಮರ್ಶಿಸಿ ನೋಡುವುದೆಂದರೆ ಹೇಗೆ? ಅದಕ್ಕೆ ಪವಿತ್ರ ಬೈಬಲಿನಲ್ಲೇ ಒಬ್ಬ ಎಳೆಯ ಗುರು ಇದ್ದಾನೆ. ತಪಸ್ಸುಕಾಲದ ಐದನೆಯ ವಾರದ ಸೋಮವಾರ ಬಲಿಪೂಜೆಗೆ ಬರುವವರು ದಾನಿಯೇಲನ ಗ್ರಂಥದ 13ನೆಯ ಅಧ್ಯಾಯದಿಂದ ಸುಸನ್ನಳ ವೃತ್ತಾಂತವನ್ನು ಕೇಳಿರುತ್ತೀರಿ. ಬಾಬಿಲೋನಿನಲ್ಲಿ ಯೊವಾಕಿಮ ಎಂಬವನ ಪತ್ನಿ ಸುಸನ್ನ. ಆ ಮನೆಗೆ ನ್ಯಾಯತೀರ್ಮಾನಕ್ಕೆಂದು ಬರುತ್ತಿದ್ದ ಇಬ್ಬರು ಹಿರಿಯರು ಅವಳು ತೋಟದಲ್ಲಿ ಅಡ್ಡಾಡುವುದನ್ನು ದಿನವೂ ಮರೆಯಲ್ಲಿ ನಿಂತು ನೋಡುತ್ತಿದ್ದರು. ಇಬ್ಬರಿಗೂ ಅದೇ ಚಟ, ಒಬ್ಬನದು ಇನ್ನೊಬ್ಬನಿಗೆ ಗೊತ್ತಿಲ್ಲ. ಒಂದು ಸೆಕೆಯ ದಿನ ಅವಳು ಸ್ನಾನಕ್ಕೆ ಬಂದಾಗ ಅವಿತಿದ್ದವರು ಹೊರಬಿದ್ದು ತಮ್ಮ ಇಚ್ಛೆಗೆ ಒಪ್ಪೆಂದು ಬೆದರಿಸಿದರು. ಅವಳು ಒಪ್ಪಲಿಲ್ಲ. ಆಗ ಅವರು, ಯಾವನೋ ಯುವಕನ ಜೊತೆ ಇವಳು ಮರದಡಿ ಇದ್ದುದನ್ನು ಕಣ್ಣಾರೆ ಕಂಡೆವು ಎಂದು ಸಭೆಯ ಮುಂದೆ ಸಾಕ್ಷಿ ಹೇಳಿದರು. ಸಭೆ ನಂಬಿತು. ಹೇಳಿದವರು ಹಿರಿಯರು, ನ್ಯಾಯಾಧಿಪತಿಗಳು. ನಂಬದೆ ಏನು ಮಾಡೀತು? ಸುಸನ್ನಳಿಗೆ ಮರಣದಂಡನೆ ಆಯಿತು. ಆಗ ದಾನಿಯೇಲ ಎಂಬ ಹುಡುಗ ಎದ್ದು ನಿಂತ. ಇಬ್ಬರು ಸಾಕ್ಷಿಗಳನ್ನು ಬೇರೆಬೇರೆಯಾಗಿ ನಿಲ್ಲಿಸಿ, ಯಾವ ಮರದ ಕೆಳಗೆ ಕಂಡಿರಿ ಎಂದು ಕೇಳಿದ. ಒಬ್ಬ ಒಂದು ಮರದ ಹೆಸರು ಹೇಳಿದ, ಇನ್ನೊಬ್ಬ ಇನ್ನೊಂದರದು. ಸುಳ್ಳು ಬಯಲಾಯಿತು, ಸುಸನ್ನಳ ಜೀವ ಉಳಿಯಿತು.

ಈ ಕಥೆಯನ್ನು ನಾವು ಸುಸನ್ನಳ ಪಾತಿವ್ರತ್ಯದ ಕಥೆಯೆಂದು ಬೋಧಿಸುತ್ತ ಬಂದಿದ್ದೇವೆ. ಸರಿಯೇ. ಆದರೆ ಆ ಹಿರಿಯರನ್ನು ಗಮನಿಸಿ. ಕದ್ದು ನೋಡುವುದರಿಂದ ಶುರುವಾದದ್ದು ಸುಳ್ಳುಸಾಕ್ಷಿಯಲ್ಲಿ ಮುಟ್ಟಿತು. ಸಭೆಯಲ್ಲಿ ನಿಂತಾಗಲೂ ಅವಳ ಮುಸುಕನ್ನು ತೆಗೆಸಿ, ನ್ಯಾಯದ ಹೆಸರಿನಲ್ಲೇ ಮತ್ತೊಮ್ಮೆ ಕಣ್ತುಂಬ ನೋಡಿಕೊಂಡರು ಎಂಬ ವಿವರವನ್ನೂ ಬೈಬಲು ಬಿಟ್ಟಿಲ್ಲ. ಸಂತ ಥಾಮಸ್ ಅಕ್ವಿನಾಸರು ಕಾಮಾಸಕ್ತಿಯಿಂದ ಹುಟ್ಟುವ ಕೇಡುಗಳನ್ನು ಹೆಸರಿಸುವಾಗ ಮೊದಲು ಹೇಳುವುದು ಬುದ್ಧಿಯ ಕುರುಡುತನವನ್ನು. ದಾನಿಯೇಲನನ್ನೂ ಗಮನಿಸಿ. ಅವನು ಸಭೆಗೆ ಬ್ರಹ್ಮಚರ್ಯದ ಉಪನ್ಯಾಸ ಕೊಡಲಿಲ್ಲ. ಎಲ್ಲರೂ ನಂಬಿಬಿಟ್ಟಿದ್ದ ಒಂದು ದೃಶ್ಯದ ಬಗ್ಗೆ ಒಂದು ಚಿಕ್ಕ, ನಿಖರವಾದ ಪ್ರಶ್ನೆ ಕೇಳಿದ.

ಅಶ್ಲೀಲ ಚಿತ್ರ ಎಂದೊಡನೆ ದಶಾಜ್ಞೆಗಳಲ್ಲಿ ಆರನೆಯದು, ಒಂಬತ್ತನೆಯದು ನಮ್ಮ ನೆನಪಿಗೆ ಬರುತ್ತವೆ. ಎಂಟನೆಯದು ಬರುವುದಿಲ್ಲ. ನೆರೆಯವನ ವಿರುದ್ಧ ಸುಳ್ಳುಸಾಕ್ಷಿ ಹೇಳಬಾರದೆಂಬುದು ಎಂಟನೆಯದು. 1992ರಲ್ಲಿ ಪ್ರಕಟವಾದ ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥವು ಅಶ್ಲೀಲತೆಯನ್ನು ಆರನೆಯ ಆಜ್ಞೆಯ ಅಡಿಯಲ್ಲಿ ಖಂಡಿಸಿ, ಅದು ಅದರಲ್ಲಿ ತೊಡಗಿದ ಎಲ್ಲರನ್ನೂ ಒಂದು ಭ್ರಮಾಲೋಕದಲ್ಲಿ ಮುಳುಗಿಸುತ್ತದೆಂದು ಎಚ್ಚರಿಸುತ್ತದೆ. ಪತ್ರಿಕೆ, ರೇಡಿಯೋ, ಟಿವಿ ಮೊದಲಾದ ಮಾಧ್ಯಮಗಳ ಬಳಕೆಯನ್ನು ಅದೇ ಗ್ರಂಥ ಎಂಟನೆಯ ಆಜ್ಞೆಯ ಅಡಿಯಲ್ಲಿ ಚರ್ಚಿಸುತ್ತದೆ. ಎರಡನ್ನೂ ಜೋಡಿಸಿ ಓದಿದರೆ ನಮಗೆ ಬೇಕಾದ ದಾರಿ ಕಾಣುತ್ತದೆ. ಅಶ್ಲೀಲ ಚಿತ್ರ ಕೆರಳಿಸುತ್ತದೆ, ನಿಜ. ಜೊತೆಗೆ ಸುಳ್ಳನ್ನೂ ಹೇಳುತ್ತದೆ. ಗಂಡುಹೆಣ್ಣಿನ ಸಂಬಂಧ ಹೀಗೆ ಎಂದು, ಈ ಹೆಣ್ಣಿಗೆ ಇದು ಇಷ್ಟ ಎಂದು, ಅವಳು ಯಾರ ಮಗಳೂ ಅಲ್ಲ, ಯಾರ ಅಕ್ಕನೂ ಅಲ್ಲ, ಬರೀ ಒಂದು ದೇಹ ಎಂದು ಸಾಕ್ಷಿ ಹೇಳುತ್ತದೆ. ನಮ್ಮ ಹುಡುಗ ಆ ಸಭೆಯಲ್ಲಿ ಕುಳಿತು ನಂಬುತ್ತಾನೆ.

ಇದು ಬರೀ ಉಪಮೆಯಲ್ಲ. ಅಮೆರಿಕದ ಸ್ಯಾನ್ ಡಿಯಾಗೊ ನಗರದ ನ್ಯಾಯಾಲಯವು 2020ರ ಜನವರಿಯಲ್ಲಿ ಒಂದು ತೀರ್ಪು ಕೊಟ್ಟಿತು. ಮಾಡೆಲಿಂಗ್ ಕೆಲಸವೆಂಬ ಜಾಹೀರಾತು ಕೊಟ್ಟು ಯುವತಿಯರನ್ನು ಕರೆಸಿ, ಈ ವಿಡಿಯೋ ಅಂತರ್ಜಾಲಕ್ಕೆ ಹೋಗುವುದೇ ಇಲ್ಲ, ದೂರದ ದೇಶದಲ್ಲಿ ಡಿವಿಡಿಯಾಗಿ ಮಾತ್ರ ಮಾರಾಟವಾಗುತ್ತದೆಂದು ನಂಬಿಸಿ ಚಿತ್ರೀಕರಿಸಿದ ಸಂಸ್ಥೆಯೊಂದರ ವಿರುದ್ಧ 22 ಮಂದಿ ಯುವತಿಯರು ಹೂಡಿದ್ದ ಮೊಕದ್ದಮೆ ಅದು. ಅವರಿಗೆ ಸುಮಾರು 1 ಕೋಟಿ 27 ಲಕ್ಷ ಡಾಲರ್ ಪರಿಹಾರ ಕೊಡಬೇಕೆಂದು ತೀರ್ಪಾಯಿತು. ಅಷ್ಟರೊಳಗೆ ಲೋಕದ ಮೂಲೆಮೂಲೆಯಲ್ಲಿ ಜನ ಆ ವಿಡಿಯೋಗಳನ್ನು ನೋಡಿಯಾಗಿತ್ತು, ಆ ಯುವತಿಯರು ಮನಸಾರೆ ಒಪ್ಪಿಯೇ ಅಲ್ಲಿದ್ದಾರೆಂದು ನಂಬಿಯೂ ಆಗಿತ್ತು. ಅದೇ ವರ್ಷದ ಡಿಸೆಂಬರಿನಲ್ಲಿ, ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಒಂದು ಲೇಖನ ಮತ್ತು ಹಣ ಪಾವತಿಯ ಕಾರ್ಡ್ ಕಂಪನಿಗಳ ಒತ್ತಡದಿಂದಾಗಿ, ಜಗತ್ತಿನ ಅತಿ ದೊಡ್ಡ ಅಶ್ಲೀಲ ತಾಣಗಳಲ್ಲೊಂದು ಕೆಲವೇ ದಿನಗಳಲ್ಲಿ ದಶಲಕ್ಷಗಟ್ಟಲೆ ವಿಡಿಯೋಗಳನ್ನು ತೆಗೆದುಹಾಕಿತು. ಹಾಕಿದವರು ಯಾರೆಂದೇ ಪರಿಶೀಲಿಸದೆ ಅಷ್ಟೂ ದಿನ ಅವನ್ನು ತೋರಿಸಲಾಗುತ್ತಿತ್ತು. ಅವುಗಳಲ್ಲಿ ಮಕ್ಕಳೆಷ್ಟು, ಬಲಾತ್ಕಾರಕ್ಕೆ ಸಿಕ್ಕವರೆಷ್ಟು ಎಂದು ನೋಡುವವನಿಗೆ ಗೊತ್ತಾಗುವ ಬಗೆಯೇ ಇರಲಿಲ್ಲ.

ಇನ್ನು ಕೃತಕ ಬುದ್ಧಿಮತ್ತೆಯ ಕಾಲ. ವಿರಾಜಪೇಟೆಯ ನಟಿ ರಶ್ಮಿಕಾ ಮಂದಣ್ಣ ಅವರ ಮುಖವನ್ನು ಬೇರೊಬ್ಬ ಮಹಿಳೆಯ ವಿಡಿಯೋಗೆ ಅಂಟಿಸಿ ಹರಿಬಿಟ್ಟ ಪ್ರಕರಣ 2023ರ ನವೆಂಬರಿನಲ್ಲಿ ದೇಶವೆಲ್ಲ ಸುದ್ದಿಯಾಯಿತು. ಶಾಲೆ ಕಾಲೇಜಿನ ದಿನಗಳಲ್ಲಿ ತನಗೆ ಹೀಗಾಗಿದ್ದರೆ ಹೇಗೆ ಎದುರಿಸುತ್ತಿದ್ದೆನೆಂದು ಊಹಿಸಲೂ ಆಗದು ಎಂಬರ್ಥದ ಮಾತನ್ನು ಆಕೆ ಆಗ ಬರೆದುಕೊಂಡರು. ನಮ್ಮ ಹೆಣ್ಣುಮಕ್ಕಳು ಈಗ ಅದೇ ಶಾಲೆ ಕಾಲೇಜಿನಲ್ಲಿದ್ದಾರೆ.

ಹಾಗಾದರೆ ಮನೆಯಲ್ಲಿ ಮಾಡಬೇಕಾದದ್ದೇನು? ದಾನಿಯೇಲನ ಪ್ರಶ್ನೆಯನ್ನು ಮಕ್ಕಳಿಗೆ ಕಲಿಸುವುದು. ಅದಕ್ಕೆ ಅಶ್ಲೀಲ ಚಿತ್ರವನ್ನು ಎದುರಿಗೆ ಇಟ್ಟುಕೊಳ್ಳಬೇಕಿಲ್ಲ, ಇಟ್ಟುಕೊಳ್ಳಲೂ ಬಾರದು. ಟಿವಿಯ ಜಾಹೀರಾತಿನಿಂದ ಆರಂಭಿಸಿ. ಕಪ್ಪು ಹುಡುಗಿ ಕ್ರೀಮು ಹಚ್ಚಿ ಬೆಳ್ಳಗಾದಳು, ಕೆಲಸ ಸಿಕ್ಕಿತು, ಮದುವೆಯೂ ಆಯಿತು ಎಂದು ತೋರಿಸಿದಾಗ ಹತ್ತು ವರ್ಷದ ಮಗಳನ್ನು ಕೇಳಿ: ಇದನ್ನು ಮಾಡಿದವರು ಯಾರು? ನಮ್ಮಿಂದ ಅವರಿಗೇನು ಬೇಕು? ಮಕ್ಕಳು ಬೇಗ ಹಿಡಿದುಬಿಡುತ್ತಾರೆ. ಸಿನಿಮಾದಲ್ಲಿ ನಾಯಕಿ ಬೇಡ ಬೇಡ ಎಂದರೂ ನಾಯಕ ಹಾಡಿನುದ್ದಕ್ಕೂ ಬೆನ್ನುಹತ್ತಿ ಹೋಗಿ ಕೊನೆಗೆ ಅವಳು ನಕ್ಕುಬಿಡುವುದನ್ನು ಎಷ್ಟು ಬಾರಿ ಮನೆಮಂದಿಯೆಲ್ಲ ಒಟ್ಟಿಗೆ ಕುಳಿತು ನೋಡಿಲ್ಲ? ನಮ್ಮ ಬೀದಿಯಲ್ಲಿ ಒಬ್ಬ ನಿನ್ನ ಅಕ್ಕನ ಹಿಂದೆ ಹೀಗೆ ಬಂದರೆ ಅವಳು ನಗುತ್ತಾಳೋ, ಹೆದರುತ್ತಾಳೋ ಎಂದು ಮಗನನ್ನು ಕೇಳಿ. ಸುಮ್ಮನಾಗುತ್ತಾನೆ. ಆ ಮೌನದಲ್ಲೇ ಕಲಿಕೆ ನಡೆಯುತ್ತಿರುತ್ತದೆ.

ಹದಿಮೂರು ಹದಿನಾಲ್ಕಕ್ಕೆ ಬಂದಾಗ ಮಾತು ಇನ್ನೂ ನೇರವಾಗಬೇಕು. ಇದು ತಂದೆಯ ಕೆಲಸ ಎಂದು ನನ್ನ ಅಭಿಪ್ರಾಯ, ಗಂಡುಮಕ್ಕಳ ವಿಷಯದಲ್ಲಂತೂ ಖಂಡಿತ. ಗುರುಗಳ ಮೇಲೆ, ಧರ್ಮೋಪದೇಶದ ಸಿಸ್ಟರ್ ಮೇಲೆ ಹಾಕಿ ಜಾರಿಕೊಳ್ಳಬಾರದು. ತೋಟದಲ್ಲೋ, ಬೈಕಿನ ಮೇಲೋ, ಮುಖಕ್ಕೆ ಮುಖ ಕೊಡಬೇಕಿಲ್ಲದ ಜಾಗದಲ್ಲಿ ಈ ಮಾತು ಸುಲಭ. "ಇಂಥ ವಿಡಿಯೋ ನಿನಗೂ ಬಂದಿರಬಹುದು, ಬಾರದಿದ್ದರೆ ಮುಂದೆ ಬರುತ್ತದೆ" ಎಂದು ಶುರುಮಾಡಿ. ಅದರಲ್ಲಿ ಕಾಣದಿರುವುದು ಏನೇನು ಎಂದು ಅವನೇ ಯೋಚಿಸಲಿ. ಕ್ಯಾಮರಾ ಹಿಡಿದವನು ಕಾಣುವುದಿಲ್ಲ. ದೀಪ ಹಿಡಿದವನು, ನಿಲ್ಲಿಸಿ ಮತ್ತೆ ಮಾಡಿಸಿದವನು, ಹಣ ಎಣಿಸಿಕೊಂಡವನು ಕಾಣುವುದಿಲ್ಲ. ಅವಳು ಅತ್ತದ್ದನ್ನು ಕತ್ತರಿಸಿದ್ದಾರೋ, ತಿಳಿಯದು. ಮರುದಿನ ಬೆಳಗು ಕಾಣುವುದಿಲ್ಲ. ಹೆಂಡತಿಗೆ ಜ್ವರ ಬಂದಾಗ ಗಂಡ ಮಾಡಿಕೊಡುವ ಗಂಜಿ, ರಾತ್ರಿ ಎದ್ದು ಅಳುವ ಕೂಸು, ಜಗಳವಾಡಿ ಮತ್ತೆ ಮಾತಿಗೆ ಬರುವುದು, ದಾಂಪತ್ಯವೆಂದು ನೀವಿಬ್ಬರೂ ಇಪ್ಪತ್ತು ವರ್ಷ ಬಾಳಿರುವುದರಲ್ಲಿ ಯಾವುದೂ ಅಲ್ಲಿಲ್ಲ. ಹೆಣ್ಣೆಂದರೆ ಏನೆಂದು ಪರದೆಯಲ್ಲೇ ಕಲಿತು ಮದುವೆಯಾದ ಹುಡುಗ, ನಿಜವಾದ ಹೆಂಡತಿ ಸುಸ್ತಾದಾಗ, ಬೇಡವೆಂದಾಗ, ಮೋಸಹೋದವನಂತೆ ಸಿಡುಕುತ್ತಾನೆ. ಮೋಸ ಆಗಿರುವುದು ಹೌದು, ಆದರೆ ಅದು ಅವಳಿಂದಲ್ಲ.

ಒಂದು ಎಚ್ಚರ. ಇಷ್ಟೆಲ್ಲ ಹೇಳುವಾಗ ದೇಹವೇ ಹೊಲಸು ಎಂಬ ಭಾವನೆ ಮಗುವಿಗೆ ಬರಬಾರದು. ಆದಿಕಾಂಡದಲ್ಲಿ ದೇವರು ಗಂಡುಹೆಣ್ಣನ್ನು ನಿರ್ಮಿಸಿ ನೋಡಿದಾಗ ಅದು ಬಲು ಒಳ್ಳೆಯದಾಗಿತ್ತು. ಸಂತ ಎರಡನೇ ಜಾನ್ ಪೌಲರು 1979ರಿಂದ 1984ರವರೆಗೆ ಬುಧವಾರಗಳ ಸಾರ್ವಜನಿಕ ಭೇಟಿಯಲ್ಲಿ ಈ ದೇಹದ ದೈವಶಾಸ್ತ್ರವನ್ನೇ ಬೋಧಿಸಿದರು. ಕಲೆಯಲ್ಲಿ ಬರುವ ನಗ್ನತೆಗೂ ಅಶ್ಲೀಲತೆಗೂ ಇರುವ ವ್ಯತ್ಯಾಸವನ್ನು 1981ರಲ್ಲಿ ಹಲವು ವಾರ ವಿವರಿಸಿದರು.

ಇಷ್ಟು ತಿಳಿಹೇಳಿದರೆ ಮಕ್ಕಳು ಉಳಿದುಕೊಳ್ಳುತ್ತಾರೆಯೇ? ಶಿಕ್ಷಣತಜ್ಞರಲ್ಲಿ ಕೆಲವರು ಹೌದೆನ್ನುವಂತೆ ಮಾತನಾಡುತ್ತಾರೆ. ನಾನು ಅಷ್ಟು ದೂರ ಹೋಗಲಾರೆ. ಸಂತ ಅಗಸ್ತೀನರು ತಮ್ಮ 'ಕನ್ಫೆಷನ್ಸ್' ಗ್ರಂಥದ ಆರನೆಯ ಭಾಗದಲ್ಲಿ ಗೆಳೆಯ ಅಲಿಪಿಯಸ್ಸನ ಒಂದು ಪ್ರಸಂಗ ಹೇಳಿದ್ದಾರೆ. ಅಲಿಪಿಯಸ್ ರೋಮಿಗೆ ಕಾನೂನು ಓದಲು ಹೋಗಿದ್ದ. ಮನುಷ್ಯರು ಮನುಷ್ಯರನ್ನು ಕಡಿಯುವ ಅಖಾಡದ ಆಟಗಳೆಂದರೆ ಅವನಿಗೆ ಅಸಹ್ಯ. ಗೆಳೆಯರು ಬಲವಂತವಾಗಿ ಎಳೆದೊಯ್ದಾಗ, ದೇಹ ಇಲ್ಲಿದ್ದರೂ ಮನಸ್ಸು ಇರದೆಂಬ ಧೈರ್ಯದಿಂದ ಕಣ್ಣುಮುಚ್ಚಿ ಕುಳಿತ. ಜನ ಹೋ ಎಂದು ಕೂಗಿದಾಗ ಏನಾಯಿತೆಂದು ಕಣ್ಣು ತೆರೆದ. ಅಷ್ಟೇ ಸಾಕಾಯಿತು. ಮುಂದೆ ಬೇರೆಯವರನ್ನೂ ಕರೆದುಕೊಂಡು ಹೋಗುವಷ್ಟು ಅದಕ್ಕೆ ಅಂಟಿಕೊಂಡ. ಓದಿದವನು, ಕೆಟ್ಟದ್ದೆಂದು ತಿಳಿದವನು ಅವನು. ತಿಳಿವಳಿಕೆಯ ಕೊರತೆ ಅಲ್ಲಿರಲಿಲ್ಲ. ತನ್ನ ಬಲದ ಮೇಲೆ ಅತಿಯಾದ ಭರವಸೆಯಿತ್ತು, ಸುತ್ತ ಆ ಗೆಳೆಯರಿದ್ದರು. (ಅದೇ ಅಲಿಪಿಯಸ್ ಮುಂದೆ ತಗಾಸ್ತೆಯ ಧರ್ಮಾಧ್ಯಕ್ಷನಾದ, ಸಂತನೂ ಆದ. ಮಗ ಹಾಳಾಗಿಯೇ ಹೋದ ಎಂದು ಕೈಚೆಲ್ಲುವ ತಾಯಂದಿರು ಇದನ್ನು ನೆನಪಿಡಲಿ.) ಆದ್ದರಿಂದ ರಾತ್ರಿ ಮೊಬೈಲ್ ಮಲಗುವ ಕೋಣೆಗೆ ಹೋಗಬಾರದೆಂಬ ಮನೆಯ ನಿಯಮ ಬೇಕು, ಅದು ಅಪ್ಪನ ಮೊಬೈಲಿಗೂ ಅನ್ವಯಿಸಬೇಕು. ಜಪಸರ, ಪಾಪನಿವೇದನೆ, ಸತ್ಪ್ರಸಾದ ಇವು ಬೇಕೇ ಬೇಕು. ಬುದ್ಧಿಗೆ ಬೆಳಕು ಬಂದ ಮಾತ್ರಕ್ಕೆ ಮನಸ್ಸಿಗೆ ಬಲ ಬರುವುದಿಲ್ಲ. ಅದು ಕೃಪೆಯಿಂದ ಬರುವಂಥದು.

ಆದರೂ ಬೆಳಕಿಲ್ಲದಿದ್ದರೆ ಏನಾಗುತ್ತದೆಂಬುದನ್ನು ನಮ್ಮ ರಾಜ್ಯವೇ ಕಂಡಿದೆ. 2024ರ ಏಪ್ರಿಲಿನಲ್ಲಿ, ಲೋಕಸಭಾ ಚುನಾವಣೆಯ ಹೊಸ್ತಿಲಲ್ಲಿ, ಹಾಸನದಲ್ಲಿ ಪೆನ್‌ಡ್ರೈವ್‌ಗಳು ಹಂಚಿಕೆಯಾದವು. ಹೆಂಗಸರ ಮೇಲೆ ನಡೆದ ಲೈಂಗಿಕ ದೌರ್ಜನ್ಯದ ವಿಡಿಯೋಗಳು, ಅವರ ಮುಖವನ್ನೂ ಮರೆಮಾಡದೆ. ಆರೋಪಿಗೆ ಒಂದು ಪ್ರಕರಣದಲ್ಲಿ 2025ರ ಆಗಸ್ಟಿನಲ್ಲಿ ಜೀವಾವಧಿ ಶಿಕ್ಷೆಯಾಯಿತು. ಅದು ಒಬ್ಬನ ಲೆಕ್ಕ. ಆ ವಿಡಿಯೋಗಳನ್ನು ತಾವೂ ನೋಡಿ, ಇನ್ನೊಬ್ಬರಿಗೆ ಕಳಿಸಿದ ಸಾವಿರಾರು ಕೈಗಳ ಲೆಕ್ಕ ಎಲ್ಲಿ? ನೋಡಿದವರಲ್ಲಿ ಹೆಚ್ಚಿನವರು ತಾವು ಅಶ್ಲೀಲ ಚಿತ್ರ ನೋಡಿದೆವೆಂದು ತಿಳಿಯಲೇ ಇಲ್ಲ. ಸುದ್ದಿ ತಿಳಿದುಕೊಂಡೆವು ಎಂದುಕೊಂಡರು. ಸುಸನ್ನಳ ಮುಸುಕು ತೆಗೆಸಿದವರೂ ವಿಚಾರಣೆ ನಡೆಸುತ್ತಿದ್ದೇವೆ ಎಂದೇ ಹೇಳಿಕೊಂಡಿರಬೇಕು. ಆ ಹೆಂಗಸರಲ್ಲಿ ಕೆಲವರು ಮನೆ ಬಿಟ್ಟು, ಊರು ಬಿಟ್ಟು ಹೋದರೆಂದು ಪತ್ರಿಕೆಗಳು ವರದಿ ಮಾಡಿದವು. "ನಾನು ನೋಡಿದ್ದು ಅಷ್ಟೇ, ಯಾರಿಗೇನು ನಷ್ಟ?" ಎಂದು ಯುವಕರು ಕೇಳಿದಾಗ ಕೊಡಬಹುದಾದ ಉತ್ತರ ನಮ್ಮ ಪಕ್ಕದ ಜಿಲ್ಲೆಯಲ್ಲೇ ಇದೆ.

ಇದರ ಕಾನೂನನ್ನೂ ಮಕ್ಕಳಿಗೆ ಹೇಳಿ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ಬಿ ಕಲಮಿನ ಪ್ರಕಾರ 18 ವರ್ಷದೊಳಗಿನವರ ಇಂಥ ಚಿತ್ರವನ್ನು ಹುಡುಕುವುದು, ಇಳಿಸಿಕೊಳ್ಳುವುದು, ಕಳಿಸುವುದು ಎಲ್ಲವೂ ಅಪರಾಧ; ಮೊದಲ ಬಾರಿಗೆ 5 ವರ್ಷದವರೆಗೆ ಸೆರೆವಾಸ, 10 ಲಕ್ಷ ರೂಪಾಯಿವರೆಗೆ ದಂಡ. 2024ರ ಸೆಪ್ಟೆಂಬರ್ 23ರಂದು ಸುಪ್ರೀಂ ಕೋರ್ಟ್ ಇದನ್ನು ಇನ್ನಷ್ಟು ಸ್ಪಷ್ಟಪಡಿಸಿತು. ಪಿಯುಸಿ ಹುಡುಗನೊಬ್ಬ ತರಗತಿಯ ಹುಡುಗಿಯ ಚಿತ್ರವನ್ನು ಗೆಳೆಯನಿಗೆ ಕಳಿಸಿದರೆ, ಅವಳೇ ಕೊಟ್ಟದ್ದು ಎಂಬ ಮಾತು ಅವನನ್ನು ಉಳಿಸುವುದಿಲ್ಲ.

ಹೀಗೆ ಚಿತ್ರ ಹೊರಬಿದ್ದದ್ದು ನಿಮ್ಮ ಮಗಳದ್ದೇ ಆದರೆ, ಅಥವಾ ಚಿತ್ರ ತೋರಿಸಿ ಯಾವನೋ ನಿಮ್ಮ ಮಗನನ್ನು ಹಣಕ್ಕೆ ಪೀಡಿಸುತ್ತಿದ್ದರೆ, ಆ ಮಗು ಮೊದಲು ನಿಮ್ಮ ಬಳಿ ಬರುತ್ತದೆಯೇ? ಹೊಡೆತಕ್ಕೆ ಹೆದರಿ, ಮಾನಕ್ಕೆ ಹೆದರಿ, ಮನೆಯಲ್ಲಿ ಹೇಳಲಾರದೆ ಜೀವವನ್ನೇ ಕಳೆದುಕೊಂಡ ಮಕ್ಕಳ ಸುದ್ದಿ ನೀವೂ ಓದಿದ್ದೀರಿ. ಏನೇ ಆದರೂ ಮೊದಲು ನಮಗೆ ಹೇಳು, ನಾವು ನಿನ್ನ ಜೊತೆ ಇರುತ್ತೇವೆ ಎಂಬ ಮಾತನ್ನು ಇವತ್ತೇ, ಏನೂ ಆಗದಿರುವಾಗಲೇ, ಹೇಳಿಡಿ. ಹಣ ಕೊಡಬೇಡಿ, ಸಂದೇಶಗಳನ್ನು ಅಳಿಸಬೇಡಿ. ಮಕ್ಕಳ ಸಹಾಯವಾಣಿ 1098, ಸೈಬರ್ ಅಪರಾಧಗಳಿಗೆ 1930. ಮಕ್ಕಳ ಇಂಥ ಚಿತ್ರಗಳನ್ನು ತೆಗೆಸಲು 'ಟೇಕ್ ಇಟ್ ಡೌನ್' ಎಂಬ ಉಚಿತ ಸೇವೆಯೂ ಇದೆ. ಅದಕ್ಕೆ ಚಿತ್ರವನ್ನು ಯಾರಿಗೂ ಕಳಿಸಬೇಕಾಗಿಲ್ಲ, ಅದರ ಗುರುತುಸಂಖ್ಯೆ ಮಾತ್ರ ಹೋಗುತ್ತದೆ. ಗುರುಗಳಿಗೂ ಚಿತ್ರ ತೋರಿಸಬೇಕಿಲ್ಲ, ಆದದ್ದನ್ನು ಹೇಳಿದರೆ ಸಾಕು. ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಿಸುವುದು ಹೇಗೆಂದು ಹೆದರುವವರು 2012ರ ಪೋಕ್ಸೊ ಕಾಯ್ದೆಯ 24ನೆಯ ಕಲಮನ್ನು ತಿಳಿದಿರಬೇಕು. ಮಗುವಿನ ಹೇಳಿಕೆಯನ್ನು ಅದರ ಮನೆಯಲ್ಲಿ ಅಥವಾ ಅದು ಬಯಸಿದ ಜಾಗದಲ್ಲಿ, ಸಾಧ್ಯವಾದಷ್ಟು ಮಟ್ಟಿಗೆ ಮಹಿಳಾ ಅಧಿಕಾರಿಯೇ, ಸಮವಸ್ತ್ರ ಧರಿಸದೆ ಬಂದು ಬರೆದುಕೊಳ್ಳಬೇಕು. ಆಗ ತಂದೆಯೂ ತಾಯಿಯೂ ಪಕ್ಕದಲ್ಲಿ ಕುಳಿತಿರಬಹುದು.